ಗುಡ್ಡೆಯ ಮರ ಕಡಿಸುವ ಮೊದಲು



ಮಳೆ ನಿಂತು ತೋಡಿನ ನೀರು ತಿಳಿಯಾಗುವ ಹೊತ್ತಿಗೆ ಮರದ ವ್ಯಾಪಾರಿಗಳು ನಮ್ಮ ಕಾಸರಗೋಡಿನ ಗುಡ್ಡೆಗಳನ್ನು ಹತ್ತತೊಡಗುತ್ತಾರೆ. ಮಗಳ ಮದುವೆ, ಮನೆಯ ಮಾಡು, ಬ್ಯಾಂಕಿನ ಸಾಲ – ಮರ ಮಾರಲು ಕಾರಣಗಳು ಬೇಕಷ್ಟಿವೆ. ಮಾರಬೇಡಿ ಎಂದು ನಾನು ಹೇಳುವುದಿಲ್ಲ. ಒತ್ತೊತ್ತಾಗಿ ಬೆಳೆದ ಹಾಡಿಯಲ್ಲಿ ಕೆಲವನ್ನು ತೆಗೆದರೆ ಉಳಿದ ಮರಗಳಿಗೆ ಬೆಳಕು ಸಿಕ್ಕಿ ಹೂವು, ಹಣ್ಣು ಹೆಚ್ಚುತ್ತವೆ. ಆದರೆ ಆರಿಸುವ ಕೆಲಸವನ್ನು ವ್ಯಾಪಾರಿಗೆ ಬಿಡಬೇಡಿ. ಆತ ನೆಟ್ಟಗಿನ ಮರಗಳಿಗೆ ಬೆಲೆ ಕಟ್ಟಿ, ಪೊಳ್ಳು ಮರ, ಗೋಳಿ ಮರಗಳನ್ನು ಸೌದೆಯ ಲೆಕ್ಕಕ್ಕೆ ಸೇರಿಸುತ್ತಾನೆ. ಹಕ್ಕಿ ಪ್ರಾಣಿಗಳಿಗೆ ಎಲ್ಲಕ್ಕಿಂತ ಬೇಕಾದವು ಅವೇ.

ಕೆಲವು ವರ್ಷಗಳ ಹಿಂದೆ ಒಂದು ಮನೆಯವರು ಮಾರ್ಚ್ ತಿಂಗಳಲ್ಲಿ ಮುದಿ ಮರವೊಂದನ್ನು ಕಡಿಸಿದರು. "ಫಾದರ್, ಹೇಗೂ ಒಳಗೆ ಪೊಳ್ಳು, ಇನ್ನೇನು ಉಪಯೋಗ?" ಎಂದಿದ್ದರು. ಮರ ಬಿದ್ದಾಗ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿಯೂ ಎರಡು ಮರಿಗಳೂ ಸತ್ತಿದ್ದವು. ಈ ಹಕ್ಕಿಗೆ ತಾನೇ ಪೊಟರೆ ಕೊರೆಯಲು ಬಾರದು. ಹಳೆಯ ದೊಡ್ಡ ಮರದಲ್ಲಿ ತಾನಾಗಿ ಆದ ಪೊಟರೆಯೇ ಬೇಕು. ಹೆಣ್ಣು ಒಳಹೊಕ್ಕು ಬಾಯಿಯನ್ನು ಮುಚ್ಚಿ, ಕೊಕ್ಕು ಹಿಡಿಯುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರುವುದರಿಂದ ಹಾರಿ ತಪ್ಪಿಸಿಕೊಳ್ಳಲೂ ಆಗದು. ಹಣ್ಣು ತಂದುಕೊಡುವುದು ಗಂಡಿನ ಪಾಲು. ಅಂದು ಸಂಜೆಯವರೆಗೂ ಆ ಗಂಡು ಅಲ್ಲೇ ಸುತ್ತುತ್ತಿತ್ತು. ಇಂಥ ಪೊಟರೆಗಳಲ್ಲಿ ಗೂಬೆಯೂ ಇರುತ್ತದೆ. ಅದರ ಕೂಗಿಗೆ ಹೆದರುವವರು, ಅದು ತೋಟದ ಇಲಿ ಹಿಡಿಯುವುದನ್ನು ಮರೆಯುತ್ತಾರೆ.

ಎರಡನೆಯದು ಗೋಳಿ, ಅತ್ತಿ, ಬಸರಿಯ ಜಾತಿ. ಇವುಗಳ ಒಂದೊಂದು ಜಾತಿಗೂ ಪರಾಗಸ್ಪರ್ಶ ಮಾಡುವ ಸಣ್ಣ ಕಣಜ ಬೇರೆ. ಅದು ಮೊಟ್ಟೆಯಿಡುವುದೂ ಕಾಯಿಯ ಒಳಗೇ. ಅದರ ಆಯುಸ್ಸು ಅಲ್ಪವಾದ್ದರಿಂದ ಈ ಮರಗಳೆಲ್ಲ ಒಟ್ಟಿಗೆ ಕಾಯಿ ಬಿಡುವುದಿಲ್ಲ. ಒಂದರಲ್ಲಿ ಮುಗಿದಾಗ ಇನ್ನೊಂದರಲ್ಲಿ ಇರುತ್ತದೆ. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಕುಟ್ರು, ಪಿಕಳಾರ, ಮಂಗಟ್ಟೆ, ಪುನುಗು ಬೆಕ್ಕು ಬದುಕುವುದು ಹೀಗೆ. ಗೋಳಿ ಇನ್ನೊಂದು ಮರವನ್ನು ಅಪ್ಪಿ ಕೊಲ್ಲುವುದು ನಿಜ. ಬೆಲೆಬಾಳುವ ಹೆಬ್ಬಲಸಿನ ಮೇಲೆ ಎಳೆಯ ಗೋಳಿ ಹುಟ್ಟಿದ್ದರೆ ಕಿತ್ತುಹಾಕಿ. ಬೆಳೆದು ನಿಂತದ್ದನ್ನು ಮುಟ್ಟಬೇಡಿ.

ನೇರಳೆ, ರೆಂಜೆ, ಪುನರ್ಪುಳಿ, ಬೂರುಗ, ತೋಡಿನ ದಂಡೆಯ ಮರಗಳು, ದಾರಿಗೂ ಮನೆಗೂ ದೂರದ ಒಂದೆರಡು ಒಣಮರಗಳು – ಇವೂ ಉಳಿಯಲಿ.

ಹಾಗಾದರೆ ತೆಗೆಯುವುದು ಯಾವುದನ್ನು? ಮೊದಲು ಅಕೇಶಿಯ. ಆಮೇಲೆ, ಉಳಿಸುವ ಮರದ ಬುಡದಲ್ಲಿ ನಿಂತು ಮೇಲೆ ನೋಡಿ. ಅದರ ಕೊಂಬೆಗಳನ್ನು ಒತ್ತುತ್ತಿರುವ, ಒಂದೇ ವಯಸ್ಸಿನ ಮರುವ, ಸಾಗುವಾನಿಯಂಥವನ್ನು ಆರಿಸಿ. ಮಾರಾಟಕ್ಕೆ ಆಗುವುದೂ ಅವೇ ತಾನೇ! ಎರಡು ಬದಿಯಲ್ಲಿ ಬಿಡಿಸಿದರೆ ಸಾಕು. ಸುತ್ತಲೂ ಬೋಳು ಮಾಡಿದರೆ ಮುರಕಲ್ಲಿನ ತೆಳು ಮಣ್ಣಿನಲ್ಲಿ ನಿಂತ ಮರ ಮಳೆಗಾಳಿಗೆ ಉರುಳೀತು. ಒಂದು ಸಲಕ್ಕೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಬೇಡ. ಹೆಚ್ಚು ಬಿಸಿಲು ಬಿದ್ದಲ್ಲಿ ಅಕೇಶಿಯದ ಸಸಿಗಳೂ ಕಮ್ಯುನಿಸ್ಟ್ ಗಿಡವೂ ತುಂಬಿಕೊಳ್ಳುತ್ತವೆ. ಮುಂದಿನ ಮಳೆಗಾಲದಲ್ಲಿ ಕೀಳುವ ಕೆಲಸ ಇದ್ದೇ ಇದೆ.

"ಹಂದಿ, ಮಂಗಗಳ ಕಾಟವೇ ಸಾಲದೇ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಹಂದಿ ಅಡಗುವುದು ಪೊದೆಯಲ್ಲಿ, ದೊಡ್ಡ ಮರದ ನೆರಳಿನಲ್ಲಿ ಪೊದೆ ಕಡಿಮೆ. ಮಂಗಗಳ ವಿಷಯದಲ್ಲಿ ಮಾತ್ರ ನಾನು ಭರವಸೆ ಕೊಡಲಾರೆ.

ಕಡಿಸುವುದಿದ್ದರೆ ಕ್ರಿಸ್ಮಸ್ ಒಳಗೆ ಮುಗಿಸಿ. ಜನವರಿಯಿಂದ ಮಳೆ ಹಿಡಿಯುವ ತನಕ ಅನೇಕ ಹಕ್ಕಿಗಳ ಗೂಡಿನ ಕಾಲ. ಶ್ರೀಗಂಧ ಸ್ವಂತ ಜಾಗದಲ್ಲಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ; ಬೇರೆ ಮರಗಳ ಬಗ್ಗೆಯೂ ಮೊದಲೇ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಉಳಿಸುವ ಮರಗಳಿಗೆ ನೀವೇ ಸುಣ್ಣದ ಪಟ್ಟಿ ಬಳಿಯಿರಿ. ಕಡಿಯುವ ದಿನ ಮನೆಯವರೊಬ್ಬರು ಗುಡ್ಡೆಯಲ್ಲೇ ಇರಲಿ.