ಮೆಹಂದಿ ರಾತ್ರಿಗೆ ಇಬ್ಬರು ಜೊತೆಗಾರರು

ಬೆಳ್ತಂಗಡಿ ಕಡೆಯ ಒಂದು ಹಳ್ಳಿ. ಹಾಲಿನ ಸೊಸೈಟಿಯ ಮಹಡಿಯಲ್ಲಿ, ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆ. ಪ್ರಾರ್ಥನೆ ಮುಗಿದದ್ದೇ ತಡ, ಒಂದು ಮದುವೆಯ ವಿಷಯ ಎದ್ದಿತು. ಕುಡಿತ ಬಿಟ್ಟು ಇನ್ನೂ ನಾಲ್ಕು ತಿಂಗಳಾಗದ ಸದಸ್ಯರೊಬ್ಬರ ತಂಗಿಯ ಮಗಳ ಮದುವೆಯದು. ಮದುವೆಯ ದಿನದ ಬಗ್ಗೆ ಯಾರಿಗೂ ಹೆದರಿಕೆಯಿಲ್ಲ, ಹಿಂದಿನ ರಾತ್ರಿಯ ಮೆಹಂದಿಯದ್ದೇ ಚಿಂತೆ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಹೆಣ್ಣುಮಕ್ಕಳ ಕೈಗೆ ಗೋರಂಟಿ, ಅಂಗಳದಲ್ಲಿ ಡಿಜೆ, ಮನೆಯ ಹಿಂದೆ ಬಾಟಲಿ. ‘ನಾನು ಹೋಗದಿದ್ರೆ ಆಗುದಿಲ್ಲ ಮಾರಾಯ್ರೆ, ಸೋದರಮಾವ ಅಲ್ವಾ’ ಎಂದರು ಅವರು. ಹೋಗಬೇಡಿ ಎಂದು ಒಬ್ಬರೂ ಹೇಳಲಿಲ್ಲ. ಕುಡಿತ ಬಿಟ್ಟು ವರ್ಷಗಳಾದ ಇಬ್ಬರು ಜೊತೆಗೆ ಹೋಗುವುದೆಂದು ತೀರ್ಮಾನವಾಯಿತು. ಸೋದರಮಾವ ಬಡಿಸಲು ನಿಲ್ಲಬೇಕು, ಏಕೆಂದರೆ ಕೈಯಲ್ಲಿ ಸಾರಿನ ಬಕೆಟ್ ಹಿಡಿದವನಿಗೆ ಯಾರೂ ಗ್ಲಾಸು ಕೊಡುವುದಿಲ್ಲ! ಎರಡನೇ ಪಂಕ್ತಿ ಎದ್ದ ಕೂಡಲೇ ಮೂವರೂ ಹೊರಡಬೇಕು. ಒತ್ತಾಯ ಮಾಡಿದರೆ ಏನು ಹೇಳುವುದು? ‘ಮದ್ದು ತಗೊಳ್ತಾ ಇದ್ದೇನೆ’ ಎಂದರೆ ಸಾಕು ಎಂದರು ಒಬ್ಬರು. ಬೇಡ, ‘ಬಿಟ್ಟಿದ್ದೇನೆ’ ಎಂದೇ ಹೇಳಲಿ, ನಾಚಿಕೆ ಯಾಕೆ ಎಂದರು ಇನ್ನೊಬ್ಬರು. ಅರ್ಧ ಗಂಟೆ ಇದೇ ಚರ್ಚೆ. ಎಷ್ಟೋ ವಿಚಾರಸಂಕಿರಣಗಳಲ್ಲಿ ಕೂತಿದ್ದೇನೆ, ಚಟ ಬಿಟ್ಟವನ ಒಂದು ಸಂಜೆಯನ್ನು ಇಷ್ಟು ಹತ್ತಿರದಿಂದ ನೋಡಿದ ಮಾತು ಎಲ್ಲೂ ಕೇಳಿರಲಿಲ್ಲ.

ಈ ಸಮಿತಿಗಳ ಹಿನ್ನೆಲೆ ಹೆಚ್ಚಿನವರಿಗೆ ಗೊತ್ತಿರುವುದೇ. 1982ರಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಮದ್ಯದ ವಿರುದ್ಧದ ಜನಜಾಗೃತಿ ವೇದಿಕೆ, ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ, ನೂರು ದಿನ ತುಂಬಿದವರಿಗೆ ಶತದಿನೋತ್ಸವ. ಹಳ್ಳಿಯಲ್ಲೇ ಶಿಬಿರ ನಡೆಸುವುದು ಇಲ್ಲಿಗಷ್ಟೇ ಸೀಮಿತವಲ್ಲ: ತಮಿಳುನಾಡಿನ ಮಂಜಕ್ಕುಡಿಯಲ್ಲಿ ಚೆನ್ನೈನ ಟಿಟಿಕೆ ಆಸ್ಪತ್ರೆಯವರು 1989ರಲ್ಲೇ ಹಳ್ಳಿಯ ನಡುವೆ ಚಿಕಿತ್ಸಾ ಶಿಬಿರ ನಡೆಸಿದ್ದರು. ಕುಡುಕನಿಗೆ ಕುಡಿತ ಬಿಟ್ಟವನೇ ಆಸರೆ ಎಂಬ ನಂಬಿಕೆ 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಇದರ ಬಗೆಗಿನ 27 ಅಧ್ಯಯನಗಳನ್ನು ಜರಡಿ ಹಿಡಿಯಿತು. ಅಂಥ ಸಭೆಗಳಿಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೆ ಶೇ 42ರಷ್ಟು ಮಂದಿ ಮದ್ಯ ಮುಟ್ಟದೆ ಉಳಿದಿದ್ದರು. ಬೇರೆ ಬಗೆಯ ಆಪ್ತಸಮಾಲೋಚನೆಯಲ್ಲಿ ಆ ಪ್ರಮಾಣ ಶೇ 35.

ಈ ಶಿಬಿರ, ಸಭೆಗಳಲ್ಲಿ ನನಗೆ ಸಮಾಧಾನವಿಲ್ಲದ್ದು ಪ್ರಾರ್ಥನೆ, ಭಜನೆಯ ಬಗ್ಗೆ ಅಲ್ಲ, ಮಾತ್ರೆಯ ಬಗೆಗಿನ ಅಸಡ್ಡೆಯ ಬಗ್ಗೆ. ಹೆಚ್ಚು ಕುಡಿಯುವವರು ಏಕಾಏಕಿ ಬಿಟ್ಟರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಅಲ್ಲಿ ವೈದ್ಯರು ಇರಲೇಬೇಕು. ಅದು ದಾಟಿದ ಮೇಲೂ ವಾರಗಟ್ಟಲೆ ನಿದ್ದೆ ಬರುವುದಿಲ್ಲ, ಯಾವುದರಲ್ಲೂ ರುಚಿಯಿರುವುದಿಲ್ಲ. ಅಂಥವನಿಗೆ ‘ಮನಸ್ಸು ಗಟ್ಟಿ ಮಾಡಿಕೊ’ ಎಂದು ಬುದ್ಧಿ ಹೇಳುವುದು ಅನ್ಯಾಯ. ಮದ್ಯವ್ಯಸನಿಗಳ ಪೈಕಿ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ ಎಂದು ಕೇಂದ್ರ ಸರ್ಕಾರದ 2019ರ ವರದಿಯೇ ಹೇಳುತ್ತದೆ.

ಸಭೆ ಮುಗಿದು ಚಹಾ ಬಂದಾಗ ಹಿಂದಿನ ಬೆಂಚಿನ ಮಹಿಳೆಯೊಬ್ಬರು ಕುಡಿತ ಬಿಟ್ಟ ತಮ್ಮ ಮನೆಯವರ ಬಗ್ಗೆ ಮೆಲ್ಲಗೆ ಹೇಳಿದರು: ‘ಕುಡಿದಾಗ ಬೈಯ್ಲಿಕ್ಕಾದ್ರೂ ಮಾತಾಡ್ತಿದ್ರು. ಈಗ ಮಾತೇ ಇಲ್ಲ, ಊಟವೂ ಸರಿ ಇಲ್ಲ.’ ಮನೆಯಲ್ಲಿ ಎಲ್ಲರೂ ಅದನ್ನು ಸುಧಾರಣೆ ಎಂದೇ ತಿಳಿದಿದ್ದರು. ಅದು ಖಿನ್ನತೆ ಇರಬಹುದು, ಅದಕ್ಕೆ ಔಷಧಿ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆದರೆ ಅವರಿಗೆ ಬೇಕಾದದ್ದು ಎದುರು ಕೂತು ಕೇಳುವವರು. ಪ್ರತಿ ನವಜೀವನ ಸಮಿತಿಗೆ ತಿಂಗಳಿಗೊಮ್ಮೆಯಾದರೂ ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚಕರು ಬರಬೇಕು, ಬಂದವರು ಮೊದಲು ಆ ಹಿಂದಿನ ಬೆಂಚಿನವರನ್ನು ಮಾತಾಡಿಸಬೇಕು.