ಹಳೆಯ ಜಿಪ್ಸಿಯ ಗೇರ್ ಆಯಿಲ್

ಪ್ರಶ್ನೆ: ಹಳೆಯ ಮಾರುತಿ ಜಿಪ್ಸಿಯ ಗೇರ್‌ಬಾಕ್ಸ್ ಸೋರದಿದ್ದರೂ ಆಯಿಲ್ ಬದಲಿಸಬೇಕೇ?

ಉತ್ತರ: ಬದಲಿಸಲೇಬೇಕು. ಸೋರದಿದ್ದರೆ ಆಯಿಲ್‌ನ ಪ್ರಮಾಣ ಉಳಿದಿದೆ ಎಂದಷ್ಟೇ ಅರ್ಥ, ಗುಣ ಉಳಿದಿದೆ ಎಂದಲ್ಲ. ಇಂಜಿನ್ ಆಯಿಲ್‌ನಂತೆ ಇದು ಮಸಿ ಹಿಡಿಯುವುದಿಲ್ಲ, ನಿಜ. ಆದರೆ ಹಲ್ಲುಗಳು ಉಜ್ಜಿ ಉದುರಿದ ಲೋಹದ ಪುಡಿ ಅದರಲ್ಲೇ ಸುತ್ತುತ್ತಿರುತ್ತದೆ. ಕಾಡುದಾರಿಯ ಗಾಡಿಗೆ ಇನ್ನೊಂದು ಕಾಟ ನೀರಿನದು. ಬಿಸಿಯಾದ ಗೇರ್‌ಬಾಕ್ಸ್ ಹಳ್ಳದ ನೀರಿಗೆ ಇಳಿದಾಗ ತಟ್ಟನೆ ತಣಿದು, ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಕಿಂಡಿ) ಅಥವಾ ಸವೆದ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಡ್ರೇನ್ ಬೋಲ್ಟ್ ಬಿಚ್ಚಿದಾಗ ಹಾಲು ಹಾಕಿದ ಕಾಫಿಯಂಥ ಆಯಿಲ್ ಬಂದರೆ ನೀರು ಸೇರಿದೆ ಎಂದೇ ತಿಳಿಯಿರಿ. ನುಣ್ಣನೆಯ ಬೂದು ಪುಡಿ ಸಹಜ; ಬೆರಳಿಗೆ ಚುಚ್ಚುವ ಚೂರು ಸಹಜವಲ್ಲ.

ಹೊಸ ಆಯಿಲ್ ಹಾಕಿದ ಮೇಲೆಯೇ ಗೇರ್ ಬೀಳದಾಯಿತು ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಎಷ್ಟೋ ಸಲ ತಪ್ಪಿರುವುದು ಆಯಿಲ್‌ನ ದರ್ಜೆಯಲ್ಲಿ. ಅಂಕಿ ದೊಡ್ಡದೆಂದು ಜಿಎಲ್-4ರ ಬದಲು ಜಿಎಲ್-5 ಸುರಿಯುತ್ತಾರೆ. ಜಿಎಲ್-5 ಮುಖ್ಯವಾಗಿ ಆ್ಯಕ್ಸಲ್‌ನ ಹೈಪಾಯ್ಡ್ ಗೇರ್‌ಗಳಿಗೆ. ಅದರಲ್ಲಿ ಗಂಧಕ-ರಂಜಕದ ಸೇರ್ಪಡೆ ಹೆಚ್ಚು. ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಬೇಕಾದ ಹಿಡಿತವನ್ನು ಅದು ಕಸಿಯಬಹುದು, ಕೆಲವು ಬಗೆಯವು ಹಿತ್ತಾಳೆಯನ್ನೇ ತಿನ್ನುತ್ತವೆ. ಆದ್ದರಿಂದ ಗಾಡಿಯ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿ. ಕೆಲಸ ಶುರುಮಾಡುವಾಗ ತುಂಬುವ ಬೋಲ್ಟನ್ನು ಮೊದಲು ಸಡಿಲಿಸಿ ನೋಡಿ; ತುಕ್ಕು ಹಿಡಿದು ಅದು ಬಿಚ್ಚದಿದ್ದರೆ, ಆಯಿಲ್ ಖಾಲಿಯಾದ ಗಾಡಿ ನಿಂತಲ್ಲೇ ನಿಲ್ಲುತ್ತದೆ.