ಮೂರು ತಿಂಗಳೊಳಗೆ, ಇತ್ಯಾದಿ

ಕೊರಿಯಾದ ಕದನವಿರಾಮ ಒಪ್ಪಂದದಲ್ಲಿ 63 ಪರಿಚ್ಛೇದಗಳಿವೆ. ಗಡಿರೇಖೆ ಎಲ್ಲಿ ಹಾಯಬೇಕು, ಯಾವ ಬಂದರಿನಲ್ಲಿ ಯಾರು ತಪಾಸಣೆಗೆ ನಿಲ್ಲಬೇಕು ಎಂಬುದನ್ನೆಲ್ಲ ಚಿನಿವಾರನ ತಕ್ಕಡಿಯಲ್ಲಿಟ್ಟಂತೆ ತೂಗಿ ಬರೆದಿದ್ದಾರೆ. ದೇಶದ ಭವಿಷ್ಯದ ಮಾತು ಬರುವುದು 60ನೆಯದರಲ್ಲಿ, ಅದೂ ಬರೀ ಶಿಫಾರಸಾಗಿ. ಮೂರು ತಿಂಗಳೊಳಗೆ ಎರಡೂ ಕಡೆಯವರು ರಾಜಕೀಯ ಸಮ್ಮೇಳನ ಸೇರಿ ವಿದೇಶಿ ಸೇನೆಗಳ ವಾಪಸಾತಿ, ಕೊರಿಯಾ ಪ್ರಶ್ನೆಯ ಶಾಂತಿಯುತ ಇತ್ಯರ್ಥ, ಇತ್ಯಾದಿಗಳನ್ನು ಚರ್ಚಿಸಲಿ ಎಂದಿದೆ. ‘ಇತ್ಯಾದಿ’ ನನ್ನ ಸೇರಿಕೆಯಲ್ಲ, ಒಪ್ಪಂದದಲ್ಲೇ ಇರುವ ಪದ. ಏಕೀಕರಣ ಎಂಬ ಪದ ಮಾತ್ರ ಅಲ್ಲಿಲ್ಲ.

ಏಕೀಕರಣ ಎಂದರೆ ಕನ್ನಡಿಗರ ಮನಸ್ಸಿಗೆ ಬರುವುದು 1956ರ ನವೆಂಬರ್ 1. ಚಳವಳಿ, ಆಯೋಗ, ಕಾಯ್ದೆಗಳ ದಾರಿಯಲ್ಲಿ ನಡೆದ ಕೆಲಸ ಅದು. ಕೊರಿಯಾದಲ್ಲಿ ಅದೇ ಮಾತಿನ ಅರ್ಥ ಎದುರಾಳಿ ಸರ್ಕಾರ ಇಲ್ಲವಾಗುವುದು ಎಂದಾಗಿತ್ತು. 1945ರ ಆಗಸ್ಟ್‌ನ ಒಂದು ರಾತ್ರಿ ವಾಷಿಂಗ್ಟನ್ನಿನಲ್ಲಿ ಇಬ್ಬರು ಸೇನಾಧಿಕಾರಿಗಳು ನಕ್ಷೆ ನೋಡಿ ಕೊರಿಯಾವನ್ನು ಇಬ್ಭಾಗಿಸುವ ಗೆರೆಗಾಗಿ 38ನೇ ಅಕ್ಷಾಂಶದ ಮೇಲೆ ಬೆರಳಿಟ್ಟರು. ಉತ್ತರದ ಕಿಮ್ ಇಲ್ ಸುಂಗ್, ದಕ್ಷಿಣದ ಸಿಂಗ್‌ಮನ್ ರೀ ಇಬ್ಬರೂ ಆ ಗೆರೆಯನ್ನು ಒಪ್ಪಲಿಲ್ಲ. ಇಡೀ ಕೊರಿಯಾ ತನ್ನದೇ ಎಂಬುದು ಇಬ್ಬರ ಹಟವೂ ಆಗಿತ್ತು.

1950ರ ಜೂನ್ 25ರಂದು ಕಿಮ್ ಸೇನೆ ಗೆರೆ ದಾಟಿತು. ಅಕ್ಟೋಬರ್‌ನಲ್ಲಿ ಗಾಳಿ ತಿರುಗಿ ವಿಶ್ವಸಂಸ್ಥೆಯ ಪಡೆ ಉತ್ತರಕ್ಕೆ ನುಗ್ಗಿತು. ಸಾಮಾನ್ಯ ಸಭೆಯೂ ‘ಏಕೀಕೃತ, ಸ್ವತಂತ್ರ, ಪ್ರಜಾಸತ್ತಾತ್ಮಕ’ ಕೊರಿಯಾವನ್ನು ಗುರಿಯಾಗಿಸಿಕೊಂಡು ನಿರ್ಣಯ ಮಾಡಿತು. ಅಮೆರಿಕನ್ನರು ಗೆರೆ ದಾಟಿದರೆ ಚೀನಾ ಸುಮ್ಮನಿರದು ಎಂದು ಬೀಜಿಂಗ್‌ನಲ್ಲಿದ್ದ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ನಡುರಾತ್ರಿ ಕರೆಸಿ ಚೌ ಎನ್‌ಲೈ ಎಚ್ಚರಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚೀನೀ ಸೇನೆ ಬಂತು. ಮರುವರ್ಷ ಜುಲೈ 10ರಂದು ಕೇಸಾಂಗ್‌ನಲ್ಲಿ ಮಾತುಕತೆಗೆ ಕೂತಾಗ ಯುದ್ಧ ಹೊರಟಲ್ಲಿಗೇ ಬಂದು ನಿಂತಿತ್ತು.

ಮುಂದಿನ ಎರಡು ವರ್ಷ ಹದಿನೇಳು ದಿನಗಳ ಕಥೆ ಬೇಸರದ್ದು, ಆದರೆ ಅದರಲ್ಲಿ ಒಂದು ವಿಚಿತ್ರವಿದೆ. ದೇಶದ ಭವಿಷ್ಯದ ಆ 60ನೇ ಪರಿಚ್ಛೇದವನ್ನು ಇತ್ಯರ್ಥ ಮಾಡಲು 1952ರ ಫೆಬ್ರುವರಿಯಲ್ಲಿ ಎರಡು ವಾರವೂ ಹಿಡಿಯಲಿಲ್ಲ. ಯಾರಿಗೂ ಅದರಿಂದ ಏನೂ ಖರ್ಚಿರಲಿಲ್ಲವಲ್ಲ! ಒಂದೂವರೆ ವರ್ಷ ಕಾಡಿದ್ದು ಯುದ್ಧಕೈದಿಗಳ ವಿಷಯ. ಯುದ್ಧ ನಿಂತ ಕೂಡಲೇ ಎಲ್ಲರನ್ನೂ ಬಿಟ್ಟು ಕಳಿಸಬೇಕು ಎನ್ನುತ್ತದೆ 1949ರ ಜಿನೀವಾ ಒಡಂಬಡಿಕೆ. ಮನಸ್ಸಿಲ್ಲದವರನ್ನು ಬಲವಂತವಾಗಿ ಕಳಿಸಲಾರೆ ಎಂದರು ಅಮೆರಿಕದ ಅಧ್ಯಕ್ಷ ಟ್ರೂಮನ್. ಅದರಲ್ಲಿ ಮಾನವೀಯತೆಯೂ ಇತ್ತು, ಪ್ರಚಾರದ ಲೆಕ್ಕವೂ ಇತ್ತು. ಎರಡನ್ನೂ ಬೇರ್ಪಡಿಸಲು ನನಗಂತೂ ಆಗುತ್ತಿಲ್ಲ. ಕೈದಿಗಳ ಮನಸ್ಸು ಏನೆಂಬ ವಾದ ನಡೆಯುತ್ತಿದ್ದಷ್ಟು ಕಾಲವೂ ಗುಡ್ಡಗಳ ಮೇಲೆ ಹುಡುಗರು ಸಾಯುತ್ತಲೇ ಇದ್ದರು.

ತೊಡಕು ಬಿಡಿಸುವ ಸೂತ್ರವನ್ನು ವಿಶ್ವಸಂಸ್ಥೆಯ ಮುಂದಿಟ್ಟವರು ಭಾರತದ ವಿ.ಕೆ. ಕೃಷ್ಣ ಮೆನನ್. ಹೋಗಲೊಲ್ಲದ ಕೈದಿಗಳನ್ನು ತಟಸ್ಥ ದೇಶಗಳ ಆಯೋಗದ ವಶಕ್ಕೆ ಕೊಡುವುದು ಅದರ ತಿರುಳು. 1953ರ ಜೂನ್ 8ರಂದು ಅದೇ ಜಾಡಿನಲ್ಲಿ ಒಪ್ಪಂದವಾಯಿತು. ಹತ್ತೇ ದಿನಕ್ಕೆ ಸಿಂಗ್‌ಮನ್ ರೀ ಸುಮಾರು 27,000 ಉತ್ತರ ಕೊರಿಯನ್ ಕೈದಿಗಳಿಗೆ ರಾತ್ರೋರಾತ್ರಿ ಶಿಬಿರದ ಬಾಗಿಲು ತೆಗೆದುಬಿಟ್ಟರು. ಚೀನೀ ಸೇನೆ ತೊಲಗದೆ, ದೇಶ ಒಂದಾಗದೆ ಶಾಂತಿ ಬೇಡ ಎಂಬುದು ಅವರ ಷರತ್ತು. ಕೊನೆಗೆ ಒಪ್ಪಂದವನ್ನು ಕೆಡಿಸುವುದಿಲ್ಲ ಎಂದರೇ ಹೊರತು ಸಹಿ ಮಾತ್ರ ಹಾಕಲಿಲ್ಲ. ಬದಲಿಗೆ ಅಮೆರಿಕದಿಂದ ರಕ್ಷಣಾ ಒಪ್ಪಂದ, ನೆರವು ಪಡೆದರು. ಜುಲೈ 27ರ ಬೆಳಿಗ್ಗೆ ಪಾನ್‌ಮುನ್‌ಜೋಮ್‌ನಲ್ಲಿ ಎರಡೂ ಕಡೆಯ ಪ್ರತಿನಿಧಿಗಳು ಒಂದೂ ಮಾತಾಡದೆ ಸಹಿ ಹಾಕಿ ಎದ್ದು ಹೋದರು.

ತಟಸ್ಥ ಆಯೋಗದ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಕೊಡಂದೇರ ತಿಮ್ಮಯ್ಯ. ಕೈದಿಗಳ ಕಾವಲಿಗೆ ಬಂದ ಭಾರತೀಯ ಸೈನಿಕರು ತನ್ನ ನೆಲ ಮೆಟ್ಟಕೂಡದು ಎಂದು ರೀ ಹಟ ಹಿಡಿದಿದ್ದರಿಂದ ಅವರನ್ನು ಇಂಚಾನ್‌ನ ಹಡಗುಗಳಿಂದ ಹೆಲಿಕಾಪ್ಟರಿನಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ವಿಶ್ವಸಂಸ್ಥೆಯ ಕಡೆಯಿಂದ 22,000ಕ್ಕೂ ಹೆಚ್ಚು ಕೈದಿಗಳು, ಎದುರು ಕಡೆಯಿಂದ 359 ಮಂದಿ ಅವರ ಸುಪರ್ದಿಗೆ ಬಂದರು. ಊರಿಗೆ ಬಾ ಎಂದು ತಮ್ಮ ದೇಶದವರು ಡೇರೆಯಲ್ಲಿ ಕೂತು ವಿವರಿಸಿ ಹೇಳಿದ್ದನ್ನು ಕೇಳಿ ಮನಸ್ಸು ಬದಲಿಸಿದವರು ತೀರ ಕಡಿಮೆ. ಶಿಬಿರದೊಳಗೆ ಮುಖಂಡರ ಭಯ ಹಾಗಿತ್ತು. ಉಳಿದವರ ಗತಿ ಏನು? ರಾಜಕೀಯ ಸಮ್ಮೇಳನದಲ್ಲಿ ತೀರ್ಮಾನವಾಗಲಿ ಎಂದಿತ್ತು ನಿಯಮ. ಮೂರು ತಿಂಗಳು ಕಳೆದವು. ಸಮ್ಮೇಳನ ಸೇರಲೇ ಇಲ್ಲ. 1954ರ ಜನವರಿಯಲ್ಲಿ ತಿಮ್ಮಯ್ಯ ಕೈದಿಗಳನ್ನು ತಂದವರಿಗೇ ಮರಳಿಸಿದರು. ಬೇರೆ ದಾರಿ ಇರಲಿಲ್ಲ.

ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸಮ್ಮೇಳನ ಕೂಡಿತು. ಭಾರತಕ್ಕೆ ಕರೆ ಇರಲಿಲ್ಲ. ಜನಸಂಖ್ಯೆಯ ಲೆಕ್ಕದಲ್ಲಿ, ವಿಶ್ವಸಂಸ್ಥೆಯ ಕಣ್ಣೆದುರು ಚುನಾವಣೆಯಾಗಲಿ ಎಂದಿತು ದಕ್ಷಿಣ. ಅದರ ಜನಸಂಖ್ಯೆ ಉತ್ತರದ ಎರಡರಷ್ಟಿತ್ತು. ಇಬ್ಬರಿಗೂ ಸಮಪಾಲಿರುವ ಆಯೋಗವೇ ಚುನಾವಣೆ ನಡೆಸಲಿ, ಆರು ತಿಂಗಳಲ್ಲಿ ಪರಕೀಯ ಸೇನೆ ಹೊರಡಲಿ ಎಂದಿತು ಉತ್ತರ. ಜೂನ್ 15ಕ್ಕೆ ಎಲ್ಲರೂ ಎದ್ದರು. 2024ರ ಜನವರಿಯಲ್ಲಿ ಕಿಮ್‌ನ ಮೊಮ್ಮಗ ಪ್ಯಾಂಗ್‌ಯಾಂಗ್‌ನ ಏಕೀಕರಣ ಕಮಾನನ್ನೇ ಕೆಡವಿಸಿದ. ಸೋಲ್‌ನಲ್ಲಿ ಏಕೀಕರಣಕ್ಕೆಂದೇ ಒಂದು ಸಚಿವಾಲಯ ಉಳಿದುಕೊಂಡಿತ್ತು.

ಆ ಡೇರೆಗಳಲ್ಲಿ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾ ತೈವಾನ್‌ಗಳೂ ಬೇಡ ಎಂದ 88 ಜನರಿದ್ದರು. 1954ರ ಫೆಬ್ರುವರಿಯಲ್ಲಿ ಅವರು ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಮದರಾಸಿಗೆ ಬಂದಿಳಿದರು. ಮುಂದೆ ಕೆಲವರು ಬ್ರೆಜಿಲ್‌ಗೆ, ಕೆಲವರು ಅರ್ಜೆಂಟೀನಾಕ್ಕೆ ಹೋದರು. ಇನ್ನು ಕೆಲವರು ಭಾರತದಲ್ಲೇ ಉಳಿದರು.